ಬ್ಯಾರನ್ ಪಕ್ಕದ ಅಂಗನವಾಡಿ

ಅಂಗಡಿಯ ಮಹಡಿಯನ್ನು ತರಬೇತಿಗೆ ಬಿಟ್ಟುಕೊಟ್ಟವನಿಗೆ ಬೇರೇನು ಸಿಗುತ್ತದೋ ಬಿಡುತ್ತದೋ, ತಮಾಷೆ ಮಾತ್ರ ದಿನಾ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಮೆಟ್ಟಿಲು ಹತ್ತಿ ಬರುತ್ತದೆ. ತೊಂಬತ್ತರ ದಶಕದ ಕೊನೆಯ ಮಾತು. ಪಿರಿಯಾಪಟ್ಟಣದ ನನ್ನ ದಿನಸಿ ಅಂಗಡಿಯ ಮೇಲೆ, ಸುತ್ತಲಿನ ಹಳ್ಳಿಗಳ ಹೊಸ ಅಂಗನವಾಡಿ ಟೀಚರುಗಳಿಗೆ ಪಾಠ. ಕಲಿಸಲು ಮೈಸೂರಿನಿಂದ ಬರುತ್ತಿದ್ದ ಒಬ್ಬ ಮೇಡಂ.

ಕಲಿಯಲು ಬಂದವರಲ್ಲಿ ಹೊಗೆಸೊಪ್ಪು ಬೆಳೆಯುವ ಮನೆಯ ಸೊಸೆಯೊಬ್ಬಳಿದ್ದಳು. ಅವಳ ಪರಿಸ್ಥಿತಿ ಇಕ್ಕಟ್ಟಿನದು. ಸಾಹೇಬರು ನೋಡಲು ಬಂದ ದಿನ ಮಕ್ಕಳು ಕಾಣದಿದ್ದರೆ ಅಂಗನವಾಡಿ ಪಕ್ಕದೂರಿಗೆ ಹೋಗುತ್ತದೆ ಎಂದು ಕಚೇರಿಯವರು ಮೊದಲೇ ಹೇಳಿದ್ದರು. ‘ಓದ್ರೆ ಓಗ್ಲಿ ಬುಡು, ನಮ್ಮ ಸೊಪ್ಪಿನ ಕೆಲಸ ಎಲ್ಲೂ ಓಗಲ್ಲ’ ಎಂದು ಅತ್ತೆಯೂ ಹೇಳಿದ್ದಳು.

ಮೂರು ವರ್ಷದವಳು

ಮೊದಲ ದಿನ ಮೇಡಂ, ‘ಈಗ ನೀವೆಲ್ಲ ಮೂರು ವರ್ಷದ ಮಕ್ಕಳು, ಹಾಗೇ ನಡ್ಕೊಳ್ಳಿ’ ಅಂದರು. ಹೇಳಿದ್ದೇ ತಪ್ಪಾಯಿತು. ಒಬ್ಬಳು ಅತ್ತಳು, ಒಬ್ಬಳು ಪಕ್ಕದವಳನ್ನು ಚಿವುಟಿದಳು, ಇನ್ನೊಬ್ಬಳು ಮೇಡಂ ಸೆರಗು ಹಿಡಿದು ಬಿಡಲೇ ಇಲ್ಲ. ಆ ಸೊಪ್ಪಿನ ಮನೆಯ ಸೊಸೆ ದಡದಡ ಕೆಳಗಿಳಿದು ಬಂದು ನನ್ನ ಮುಂದೆ ಕೈ ಚಾಚಿದಳು.

‘ಬೆಲ್ಲ.’

‘ಏನು ತಾಯಿ ಇದು?’

‘ನಂಗೆ ಮೂರು ವರ್ಷ ಕಣ್ರೀ ಸಾವ್ಕಾರ್ರೆ. ಬೆಲ್ಲ ಕೊಡಿ.’

‘ಮೂರು ವರ್ಷದವರು ಒಬ್ಬರೇ ಮೆಟ್ಟಿಲು ಇಳೀಬಾರದು ಅಂತ ನಿಮ್ಮ ಮೇಡಂ ಹೇಳಿಕೊಡಲಿಲ್ವಾ?’

‘ಅದು ನಾಳೆ ಪಾಠ’ ಅಂದು ಬೆಲ್ಲದ ಅಚ್ಚಿನ ಮೂಲೆ ಮುರಿದುಕೊಂಡು ಹೋದಳು.

ಬಿಸಾಡುವ ಸಾಮಾನು

ಇನ್ನೊಂದು ದಿನ ಮೇಡಂ, ‘ಮನೇಲಿ ಬಿಸಾಡೋ ಸಾಮಾನು ತನ್ನಿ, ಮಕ್ಕಳಿಗೆ ಆಟಿಕೆ ಮಾಡೋಣ’ ಅಂದರು. ಮರುದಿನ ಎಲ್ಲರೂ ಬರಿಗೈಲಿ ಬಂದರು. ಹಳ್ಳಿ ಮನೆಯಲ್ಲಿ ಬಿಸಾಡುವುದು ಏನಿರುತ್ತದೆ? ತೆಂಗಿನ ಚಿಪ್ಪು ಒಲೆಗೆ, ಒಡೆದ ಮಡಕೆ ಕೋಳಿ ನೀರಿಗೆ, ಹಳೇ ಸೀರೆ ತೊಟ್ಟಿಲಿಗೆ.

‘ಏನೂ ಇಲ್ವೇನ್ರಮ್ಮ?’

ಸೊಸೆ ಎದ್ದು ನಿಂತಳು. ‘ಒಂದಿದೆ ಮೇಡಂ. ಜಗಲಿ ಮೇಲೆ ಬಿದ್ದಿರ್ತದೆ. ನಮ್ಮನೆಯವ್ರು. ತರ್ಲಾ?’

ನಕ್ಕು ಮುಗಿದ ಮೇಲೆ ಮೇಡಂ ‘ತನ್ನಿ’ ಎಂದುಬಿಟ್ಟರು. ಮರುದಿನ ಗಂಡ ಬಂದೇಬಂದ. ಮೂಲೆಯಲ್ಲಿ ಕೂತು, ಜೋಳದ ದಂಟಿನಲ್ಲಿ ಎತ್ತು, ಗಾಡಿ, ಗಾಡಿ ಹೊಡೆಯುವವನು ಎಲ್ಲಾ ಮಾಡಿ ನೆಲದ ಮೇಲೆ ಸಾಲಾಗಿ ನಿಲ್ಲಿಸಿದ. ಮೇಡಂ ಚಪ್ಪಾಳೆ ತಟ್ಟಿದರು. ಹೆಂಡತಿ ಮಾತ್ರ ಹಣೆ ಚಚ್ಚಿಕೊಂಡಳು.

‘ಇನ್ನು ಇವ್ರನ್ನ ಬಿಸಾಕೋ ಅಂಗೂ ಇಲ್ವಲ್ಲ!’

ಗಿರಾಕಿ ಇರುವ ಕಡೆ

ತರಬೇತಿ ಮುಗಿಯಿತು. ಸೊಸೆ ಊರಿನಲ್ಲಿ ಅಂಗನವಾಡಿ ಬಾಗಿಲು ತೆಗೆದಳು. ಒಂದು ಮಗುವೂ ಬರಲಿಲ್ಲ. ಸೊಪ್ಪು ಮುರಿಯುವ ಕಾಲ. ತಾಯಂದಿರೆಲ್ಲ ಸೊಪ್ಪು ಬೇಯಿಸುವ ಬ್ಯಾರನ್ ಮುಂದೆ ಕೂತು ಕಡ್ಡಿಗೆ ಎಲೆ ಕಟ್ಟುತ್ತಿದ್ದರು. ಮಕ್ಕಳು ಅವರ ಸೆರಗಿನಲ್ಲೇ. ಬೇಳೆ ಕೊಳ್ಳಲು ಬಂದ ಸೊಸೆ ನನ್ನ ಅಂಗಡಿ ಮುಂದೆ ಕಣ್ಣೊರೆಸಿಕೊಂಡಳು.

ಕಣ್ಣೀರಿನಿಂದ ವ್ಯಾಪಾರ ಕುದುರಿದ್ದನ್ನು ನಾನು ಕಂಡಿಲ್ಲ. ‘ಗಿರಾಕಿ ಬರದಿದ್ರೆ ಸಂತೆಗೆ ಮೂಟೆ ಹೊತ್ಕೊಂಡು ನಾವೇ ಹೋಗ್ತೀವಿ ಕಣಮ್ಮ. ನೀನೂ ಹೋಗು’ ಅಂದೆ.

ಮರುದಿನವೇ ಅವಳು ಚಾಪೆ ಸುತ್ತಿಕೊಂಡು ಬ್ಯಾರನ್ನಿಗೆ ಸ್ವಲ್ಪ ದೂರದ ಹಲಸಿನ ಮರದ ಕೆಳಗೆ ಹಾಸಿದಳು. ದಂಟಿನ ಗಾಡಿ ಓಡಿತು, ಮಕ್ಕಳು ಹಿಂದೆ ಓಡಿದವು. ಮೂರನೇ ದಿನ ಅತ್ತೆ ಸೊಂಟಕ್ಕೆ ಕೈ ಕೊಟ್ಟು ಬಂದಳು.

‘ಏನ್ಲೇ, ಮಕ್ಕಳನ್ನ ಆಡ್ಸಾಕೂ ಸರ್ಕಾರದೋರು ಕಲುಸ್ಬೇಕಾ?’

‘ನೀವೇ ಒಂದು ಕತೆ ಹೇಳಿ ತೋರ್ಸಿ ಅತ್ತೆ.’

ಅತ್ತೆ ಕೂತಳು. ಆ ಸಂಜೆ ಅವಳ ಪಾಲಿನ ಸೊಪ್ಪು ಕಟ್ಟಿದವರು ಪಕ್ಕದ ಮನೆಯವರು.

ಸಾಹೇಬರ ಪರೀಕ್ಷೆ

ಸಾಹೇಬರು ಬಂದದ್ದು ಬೆಂದ ಸೊಪ್ಪನ್ನು ಗುಣ ನೋಡಿ ವಿಂಗಡಿಸುವ, ಅಂದರೆ ಗ್ರೇಡ್ ಮಾಡುವ ಕಾಲಕ್ಕೆ. ಬೇಳೆ ಮೂಟೆ ಇಳಿಸಲು ಹೋಗಿದ್ದ ನಾನು ಅಲ್ಲೇ ನಿಂತೆ. ಮರದಡಿ ಚಾಪೆ ತುಂಬ ಮಕ್ಕಳು, ಸುತ್ತ ಊರು. ಸಾಹೇಬರ ಮುಖ ಮಾತ್ರ ಬಿಗಿದಿತ್ತು. ‘ತಲೆ ಲೆಕ್ಕ ತುಂಬಿಸೋದು ಸುಲಭ. ಏನಾದ್ರೂ ಕಲ್ತಿದಾವಾ?’

ಉದುರಿದ್ದ ಹಲಸಿನ ಎಲೆಗಳನ್ನು ಬಾಚಿ ನಾಲ್ಕು ವರ್ಷದ ಹುಡುಗಿಯೊಬ್ಬಳ ಮುಂದೆ ಸುರಿದರು. ‘ಬೇರೆ ಬೇರೆ ಮಾಡಮ್ಮ.’ ಅವಳು ಆ ಅತ್ತೆಯ ಮೊಮ್ಮಗಳೇ, ಮಗಳ ಮಗಳು.

ಹುಡುಗಿ ಒಂದೊಂದು ಎಲೆಯನ್ನೂ ಬೆರಳಲ್ಲಿ ಸವರಿದಳು, ಮೂಸಿದಳು, ಬಿಸಿಲಿಗೆ ಹಿಡಿದಳು. ಮೂರು ಗುಡ್ಡೆ ಮಾಡಿದಳು. ಸಾಹೇಬರು ಬಗ್ಗಿದರು.

‘ಇದು?’

‘ಒಳ್ಳೇದು.’

‘ಇದು?’

‘ಸುಮಾರು.’

‘ಮತ್ತೆ ಈ ಕಪ್ಪಗಿರೋದು?’

‘ಇದನ್ನ ಒಳ್ಳೇ ಸೊಪ್ಪಿನ ಮಧ್ಯ ಇಟ್ಟು ಕಟ್ಬೇಕು. ಅರಾಜು ಕೂಗೋವಾಗ ಕೊಳ್ಳೋರ್ಗೆ ಕಾಣಬಾರ್ದು.’

ಊರಿಗೆ ಊರೇ ನೆಲ ನೋಡಿತು. ಸಾಹೇಬರು ಪೆನ್ನು ಎತ್ತಿ ಹಿಡಿದು ಕೇಳಿದರು, ‘ಇದನ್ನ ಯಾರಮ್ಮ ಹೇಳಿಕೊಟ್ಟಿದ್ದು?’

ಹುಡುಗಿ ಬೆರಳೆತ್ತುವ ಮೊದಲೇ ಅತ್ತೆ ಅಡ್ಡ ನುಗ್ಗಿದಳು. ‘ಮನೇಲಿ ಯಾರೂ ಏಳ್ಕೊಟ್ಟಿಲ್ಲ ಬುದ್ಧಿ! ಎಲ್ಲಾ ನಮ್ಮ ಟೀಚರಮ್ಮನೇ ಏಳ್ಕೊಟ್ಟಿದ್ದು!’

ಅಲ್ಲಿಯವರೆಗೆ ಸೊಸೆಯನ್ನು ಆ ಹೆಸರಿನಿಂದ ಒಮ್ಮೆಯೂ ಕರೆದವಳಲ್ಲ. ಸಾಹೇಬರಿಗೆ ನಗು ತಡೆಯಲಾಗಲಿಲ್ಲ. ಮರಕ್ಕೆ ಒರಗಿ ನಕ್ಕು, ಕಣ್ಣೊರೆಸಿಕೊಂಡು, ‘ಮಕ್ಕಳು ಬಹಳ ಚುರುಕು. ಕೇಂದ್ರ ಇಲ್ಲೇ ಮುಂದುವರಿಯಲಿ’ ಎಂದು ಬರೆದು ಹೋದರು.

ಜೀಪಿನ ಧೂಳು ಇಳಿಯುವ ಮೊದಲೇ ಅತ್ತೆ ತಿರುಗಿದಳು. ‘ನೋಡ್ದಾ, ನಿನ್ ಕೆಲಸ ಉಳುಸ್ದೆ. ನಡಿ ಈಗ, ಸೊಪ್ಪು ಗ್ರೇಡ್ ಮಾಡು.’

ಸೊಸೆ ಚಾಪೆ ಬಿಟ್ಟು ಏಳಲಿಲ್ಲ. ‘ನಾಲ್ಕು ಗಂಟೆ ಗಂಟ ನಾನು ಟೀಚರಮ್ಮ ಕಣತ್ತೆ. ನೀವೇ ಸಾಹೇಬ್ರ ಮುಂದೆ ಅಂದ್ರಲ್ಲ. ಮಕ್ಕಳ ಮಧ್ಯೆ ನಿಂತ್ಕೊಂಡು ಗಲಾಟೆ ಮಾಡಬೇಡಿ, ಕೂತ್ಕೊಳಿ.’

ಅತ್ತೆ ಕೂತಳು.