ಯಾರೂ ಓದದ ಹನ್ನೆರಡು ಸಂಪುಟ

ಊರವರ ಬಾಯಿ ಬಿಡಿಸುವುದೇ ಹಲ್ಲಿನ ಡಾಕ್ಟರ ಕಸುಬು. ಆದರೆ ತಮ್ಮ ಪುಸ್ತಕಗಳನ್ನು ಮಾತ್ರ ಯಾರೂ ಬಿಡಿಸಕೂಡದೆಂದು ಮನೆಯಲ್ಲಿ ಕಟ್ಟಪ್ಪಣೆ ಹೊರಡಿಸಿದ್ದರು.

ಅದು ನೂರಿಪ್ಪತ್ತು ವರ್ಷ ಹಳೆಯ ಪ್ರಪಂಚ ಚರಿತ್ರೆ. ಹನ್ನೆರಡು ಸಂಪುಟ, ಚರ್ಮದ ರಟ್ಟು, ಹೊನ್ನಿನ ಅಕ್ಷರ. ಆ ಕಾಲದಲ್ಲಿ ಹಾಳೆಗಳನ್ನು ಮಡಿಸಿ ಹಾಗೇ ಹೊಲಿದುಬಿಡುತ್ತಿದ್ದರು. ಓದುವವರು ಚಾಕು ಹಿಡಿದು ಅಂಚು ಬಿಡಿಸಿಕೊಳ್ಳಬೇಕು. ಇದರ ಅಂಚು ಬಿಡಿಸಿಯೇ ಇರಲಿಲ್ಲ. ಅಂದರೆ ಈ ಮಹಾಗ್ರಂಥವನ್ನು ಹುಟ್ಟಿದಂದಿನಿಂದ ಒಂದು ನರಪಿಳ್ಳೆಯೂ ಓದಿಲ್ಲ! (ಡಾಕ್ಟರೂ ಓದಿಲ್ಲವೆಂದು ಬೇರೆ ಹೇಳಬೇಕಿಲ್ಲ.) ಅದಕ್ಕೇ ಅದು ಅಮೂಲ್ಯ.

"ಮಂತ್ರಿಗಳ ಸಂಪುಟಾನೂ ಹೀಗೇ ಅಲ್ವಾ? ಜಾಗ ತುಂಬುತ್ತೆ, ಉಪಯೋಗಕ್ಕೆ ಬರಲ್ಲ," ಎಂದಳು ಹೆಂಡತಿ. ಆ ಪುಸ್ತಕಗಳಿಗೆ ಜಾಗ ಬಿಟ್ಟುಕೊಟ್ಟು ಅತಿಥಿ ಕೋಣೆಯ ಕಪಾಟಿನಿಂದ ಅವಳ ಬಟ್ಟೆಗಳು ಮಂಚದಡಿಗೆ ಗಡೀಪಾರಾಗಿದ್ದವು.

"ನಿನಗೇನು ಗೊತ್ತು? ಅಪೂರ್ವ ಗ್ರಂಥ ಸಂಗ್ರಾಹಕರ ಮಹಾಮಂಡಲದ ಅಧ್ಯಕ್ಷರು ಖುದ್ದು ನೋಡೋಕೆ ಬರ್ತಿದ್ದಾರೆ. ಒಪ್ಪಿದರೆ ನಾನು ಸದಸ್ಯ!" ಏಳು ವರ್ಷಗಳಲ್ಲಿ ಮೂರು ಸಲ ಅವರ ಅರ್ಜಿ ತಿರಸ್ಕೃತವಾಗಿತ್ತು.

ಅಷ್ಟರಲ್ಲಿ ಹದಿನೈದು ದಿನಕ್ಕೆಂದು ಅತ್ತೆ ಬಂದರು. ಅತಿಥಿ ಕೋಣೆ ಸೇರಿದವರ ಸದ್ದೇ ಇಲ್ಲ. ಎಲ್ಲ ತಮ್ಮ ಗಾಂಭೀರ್ಯದ ಪ್ರಭಾವವೆಂದು ಡಾಕ್ಟರು ಬೀಗಿದರು. (ಕಟ್ಟಪ್ಪಣೆಯನ್ನು ಅತ್ತೆಗೆ ತಿಳಿಸಿದ್ದರೇ? ಅಷ್ಟು ಧೈರ್ಯ ಯಾವ ಅಳಿಯನಿಗಿದೆ!)

ಅಧ್ಯಕ್ಷರು ಬಂದರು. ಬಿಳಿ ಕೈಗವಸು ತೊಟ್ಟು, ಉಸಿರು ಬಿಗಿಹಿಡಿದು ನಾಲ್ಕನೇ ಸಂಪುಟ ತೆರೆದರು. ಹಾಳೆಗಳು ಬೀಸಣಿಗೆಯಂತೆ ಬಿಚ್ಚಿಕೊಂಡವು. ನಡುವೆ ಒಂದು ಒಣಗಿದ ಟೊಮೆಟೊ ಬೀಜ.

"ಕೊಲೆ!" ಎಂದು ಕಿರುಚಿದರು ಅಧ್ಯಕ್ಷರು.

"ಕೊಲೆ ಐದನೇದರಲ್ಲಿ," ಎಂದರು ಬಾಗಿಲಲ್ಲಿ ನಿಂತಿದ್ದ ಅತ್ತೆ. "ನಾಲ್ಕರಲ್ಲಿ ಬರೀ ಸಂಚು."

"ಅತ್ತೇ... ನೀವಾ ಕೊಯ್ದಿದ್ದು?"

"ಕೊಯ್ಯದೆ ಓದೋದು ಹೇಗಪ್ಪಾ? ತರಕಾರಿ ಚಾಕು ಚೆನ್ನಾಗಿದೆ. ಹನ್ನೆರಡೂ ಮುಗಿಸಿದೆ. ಅಲ್ಲಾ, ಮೂರನೇದರಲ್ಲಿ ಸತ್ತ ರಾಜ ಆರನೇದರಲ್ಲಿ ಮದುವೆ ಆಗ್ತಾನಲ್ಲ, ನೀವು ಗಮನಿಸಿರಬೇಕು?"

ಡಾಕ್ಟರು ಅಧ್ಯಕ್ಷರ ಮುಖ ನೋಡಿದರು. ಅಧ್ಯಕ್ಷರು ತಮ್ಮ ಕೈಗವಸು ನೋಡಿಕೊಂಡರು. ಇದೇ ಚರಿತ್ರೆಯ ಇನ್ನೊಂದು ಪ್ರತಿ ಅವರಲ್ಲಿತ್ತು. ಇಪ್ಪತ್ತು ವರ್ಷಗಳಿಂದ ಅದರ ಮೇಲೆ ಅಮೋಘ ಭಾಷಣ ಬಿಗಿಯುತ್ತಿದ್ದರು. ಹಾಳೆ ಮಾತ್ರ ಬಿಡಿಸಿರಲಿಲ್ಲ.

"ಮದುವೆ... ಯಾರ ಜೊತೆ?" ಎಂದು ಮೆಲ್ಲಗೆ ಕೇಳಿ ಕುರ್ಚಿ ಎಳೆದುಕೊಂಡರು.

ಅತ್ತೆ ಎರಡು ಗಂಟೆ ಹೇಳಿದರು. ಡಾಕ್ಟರು ಮೂರು ಸಲ ಕಾಫಿ ತಂದಿಟ್ಟರು. ಯಾರೂ ತಲೆಯೆತ್ತಿ ನೋಡಲಿಲ್ಲ.

ಹೊರಡುವಾಗ ಅಧ್ಯಕ್ಷರೆಂದರು: "ಕ್ಷಮಿಸಿ ಡಾಕ್ಟರೇ, ಕೊಯ್ದ ಪುಸ್ತಕಕ್ಕೆ ಸದಸ್ಯತ್ವ ಕೊಡೋಕಾಗಲ್ಲ." ಆಮೇಲೆ ಅತ್ತೆಯತ್ತ ತಿರುಗಿ ತಲೆಬಾಗಿಸಿದರು. "ಅಮ್ಮಾ, ನೀವು ನಮ್ಮಲ್ಲಿ ಉಪನ್ಯಾಸ ಕೊಡಲೇಬೇಕು. ತಿಂಗಳಿಗೊಂದು ಸಂಪುಟ."

"ಹನ್ನೆರಡು ತಿಂಗಳು!" ಡಾಕ್ಟರು ಗೋಡೆಗೊರಗಿದರು.

"ಅದಕ್ಕೇನಂತೆ, ಅಮ್ಮ ಇಲ್ಲೇ ಇರ್ತಾರೆ," ಎಂದಳು ಹೆಂಡತಿ, ಇಷ್ಟು ವರ್ಷದಲ್ಲಿ ಮೊದಲ ಸಲ ಆ ಕಪಾಟನ್ನು ಪ್ರೀತಿಯಿಂದ ನೋಡುತ್ತ.

ಮುಂದಿನ ಭಾನುವಾರ ಡಾಕ್ಟರು ಕೊನೆಗೂ ಮಹಾಮಂಡಲದ ಹೊಸ್ತಿಲು ತುಳಿದರು. ಮುಂದೆ ಅತ್ತೆ, ಹಿಂದೆ ಇವರು, ಮೊದಲನೇ ಸಂಪುಟವನ್ನು ಎದೆಗವಚಿಕೊಂಡು.

"ತಾವೂ ಸದಸ್ಯರಾ?" ಗುಮಾಸ್ತ ವಿನಯದಿಂದ ಕೇಳಿದ.

ಡಾಕ್ಟರು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅತ್ತೆ ಉತ್ತರ ಕೊಟ್ಟಾಗಿತ್ತು.

"ನಮ್ಮಳಿಯ ಕಣಪ್ಪಾ. ಓದಲ್ಲ, ಹೊರ್ತಾರೆ ಅಷ್ಟೆ."