ತಮ್ಮನ ಗಿಟಾರಿನ ಡೊಂಕು

ಯಾರ ಮನೆಗೆ ಹೋದರೂ ನನ್ನ ಕಣ್ಣು ಮೊದಲು ಹೋಗುವುದು ಗೋಡೆಯ ಕ್ಯಾಲೆಂಡರಿನ ಮೇಲೆ. ಅದು ಕೂದಲೆಳೆಯಷ್ಟು ವಾಲಿದ್ದರೂ ಕೊಟ್ಟ ಚಹಾ ನನಗೆ ಗಂಟಲಲ್ಲಿ ಇಳಿಯುವುದಿಲ್ಲ. ಎದ್ದು ಹೋಗಿ ಸರಿ ಮಾಡಿಯೇ ಕೂಡುತ್ತೇನೆ. ಒಮ್ಮೆ ಸಾವಿನ ಮನೆಗೆ ಮಾತಾಡಿಸಲು ಹೋದಾಗ, ತೀರಿಕೊಂಡವರ ಫೋಟೋ ವಾಲಿದೆಯೆಂದು ಹಾರ ತೆಗೆದು, ಫೋಟೋ ನೆಟ್ಟಗೆ ಮಾಡಿ, ಮತ್ತೆ ಹಾರ ಹಾಕಿ ಬಂದೆ. ದಾರಿಯುದ್ದಕ್ಕೂ ಹೆಂಡತಿ ನನಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದಳು. ಏನು ಮಾಡಲಿ? ಏಳನೇ ಇಯತ್ತೆಗೆ ಶಾಲೆ ಬಿಟ್ಟು, ಗದಗಿನ ಕಡೆಯಿಂದ ನಾಸಿಕಕ್ಕೆ ಬಂದು, ಅಲ್ಲಿಯ ಅಂಬಡ್‌ನ ಒಂದು ವರ್ಕ್‌ಶಾಪಿನಲ್ಲಿ ಇಪ್ಪತ್ತೈದು ವರ್ಷ ಕಬ್ಬಿಣ ಕಡೆಯುವ ಲೇಥಿನ ಮುಂದೆ ನಿಂತವನು ನಾನು. ಡೊಂಕಾದದ್ದನ್ನು ನೆಟ್ಟಗೆ ಮಾಡುವುದೊಂದೇ ನನಗೆ ಬರುವ ವಿದ್ಯೆ. ಆ ವಿದ್ಯೆಯಿಂದಲೇ ನನ್ನ ತಮ್ಮನಿಗಿದ್ದ ಒಂದೇ ಒಂದು ಸಂತೋಷವನ್ನು ಹಾಳು ಮಾಡಿದೆ.

ತಮ್ಮ ಶೇಖರ ನನಗಿಂತ ಹನ್ನೆರಡು ವರ್ಷ ಸಣ್ಣವನು. ಅಪ್ಪ, ಅವ್ವ ಹೋದ ಮೇಲೆ ನನ್ನ ಹತ್ತಿರವೇ ಬೆಳೆದ. ಮೀಸೆ ಮೂಡುವ ಹೊತ್ತಿಗೆ ನಾಸಿಕದ ಒಂದು ಆರ್ಕೆಸ್ಟ್ರಾ ಸೇರಿಕೊಂಡ. ಪಕ್ಕದ ದೇವಳಾಲಿಯ ಮುದುಕರೊಬ್ಬರಿಂದ ಹಳೆಯದೊಂದು ಬೇಸ್ ಗಿಟಾರ್ ಸಂಪಾದಿಸಿದ. ವಯಸ್ಸಿನಲ್ಲಿ ಅದು ಅವನಿಗಿಂತ ದೊಡ್ಡದು. ಹಳೇ ಬೆಲ್ಲದ ಬಣ್ಣ. ಅದನ್ನು ಬಾರಿಸಿದ ಎಷ್ಟೋ ಜನರ ತೋಳು ಉಜ್ಜಿ ಉಜ್ಜಿ ಒಂದು ಕಡೆ ಬಣ್ಣ ಹಾರಿ ಕಟ್ಟಿಗೆ ಕಾಣುತ್ತಿತ್ತು. ಇದ್ದದ್ದು ನಾಲ್ಕೇ ತಂತಿ. “ಉಳಿದ ಎರಡು ಯಾವಾಗ ಕೊಡ್ತಾರಂತ?” ಎಂದು ಕೇಳಿದೆ. “ಇದಕ್ಕ ನಾಲ್ಕ ಇರತಾವ ಅಣ್ಣಾ” ಎಂದು ಹಣೆ ಚಚ್ಚಿಕೊಂಡ. ಗಣಪತಿ ಹಬ್ಬದ ಕಾರ್ಯಕ್ರಮಕ್ಕೆ ಹೋಗಿ, ಮುಂದಿನ ಸಾಲಿನಲ್ಲಿ ಎರಡು ತಾಸು ಕಿವಿ ನಿಮಿರಿಸಿ ಕೂತರೂ, ತಮ್ಮ ಬಾರಿಸಿದ್ದು ಯಾವ ಸದ್ದು ಎಂದು ನನಗೆ ತಿಳಿಯಲಿಲ್ಲ. ಮನೆಗೆ ಬರುವಾಗ ಹಾಗೆಯೇ ಹೇಳಿದೆ. ಅವನು ನಕ್ಕ. “ನಾ ನಿಲ್ಲಿಸಿದ್ರ ತಿಳೀತಿತ್ತು. ಹಾಡಿನ ಕೆಳಗ ನೆಲಾನ ಇಲ್ಲದಂಗ ಆಗತಿತ್ತು.”

ನಿಲ್ಲಿಸಿದವನೂ ನಾನೇ. ಅವನಿಗೆ ಮದುವೆಯ ವಯಸ್ಸಾಗಿತ್ತು. ಹೆಣ್ಣಿನವರು “ಹುಡುಗ ಏನು ಮಾಡತಾನರಿ?” ಎಂದು ಕೇಳಿದರೆ “ಹಾಡಿನ ಕೆಳಗ ನೆಲಾ ಹಾಕತಾನ” ಎಂದು ಹೇಳಲಾಗುತ್ತದೆಯೇ? ಯಾರ್ಯಾರದೋ ಕೈಕಾಲು ಹಿಡಿದು, ಆಗ ಔರಂಗಾಬಾದ್ ಎಂದೇ ಎಲ್ಲರೂ ಕರೆಯುತ್ತಿದ್ದ ಊರಿನ ಕಾರ್ಖಾನೆಯೊಂದರಲ್ಲಿ ಅವನನ್ನು ಸೇರಿಸಿದೆ. ಹೋಗುವ ದಿನ ಗಿಟಾರನ್ನು ಚೀಲಕ್ಕೆ ಹಾಕಿ ನಮ್ಮ ಕಪಾಟಿನ ಮೇಲೆ ತಾನೇ ಇಟ್ಟ. “ಅಲ್ಲಿ ಒಂದ ಖೋಲ್ಯಾಗ ಆರು ಮಂದಿ ಅಣ್ಣಾ. ಇದು ನಿಮ್ಮ ಕಡೇನ ಇರಲಿ.” ಆಮೇಲೆ ಮದುವೆಯಾಯಿತು, ಮಗಳಾದಳು. ದೀಪಾವಳಿಗೆ ಬಂದಾಗಲೆಲ್ಲ ಕಪಾಟಿನ ಮೇಲೆ ಒಮ್ಮೆ ನೋಡುವನು, ಕಣ್ಣು ಇಳಿಸುವನು. “ತಗದು ಕೊಡಲೇನೋ ಶೇಖರಾ?” ಎಂದು ನನ್ನ ಹೆಂಡತಿ ಕೇಳಿದರೆ “ಬ್ಯಾಡ ವೈನಿ. ಇಳಿಸಿದ್ರ ಮತ್ತ ಮ್ಯಾಲ ಇಡಾಕ ಕೈ ಬರೂದಿಲ್ಲ” ಎನ್ನುವನು. ಇದು ಹನ್ನೊಂದು ದೀಪಾವಳಿ ನಡೆಯಿತು.

ಹನ್ನೆರಡನೆಯ ವರ್ಷ ಒಂದು ದಿನ ಶೇಖರನ ಫೋನು ಬಂತು. ಹಳೆಯ ಆರ್ಕೆಸ್ಟ್ರಾದ ದಿಲೀಪಭಾವು ಮತ್ತೆ ಎಲ್ಲರನ್ನೂ ಕೂಡಿಸುತ್ತಿದ್ದಾನಂತೆ. ತಿಂಗಳಿಗೆ ಎರಡು ಭಾನುವಾರ ಬಂದು ಹೋದರೆ ಸಾಕಂತೆ. “ಅಣ್ಣಾ, ಅದನ್ನ ಇಳಿಸಿ ಧೂಳ ಝಾಡಿಸಿ ಇಡರಿ. ಶನಿವಾರ ಬರತೀನಿ” ಎಂದ. ಅವನ ದನಿಯಲ್ಲಿ ಆ ಹುರುಪು ಕೇಳಿ ಹನ್ನೊಂದು ವರ್ಷವಾಗಿತ್ತು. ನನಗೆ ಕಣ್ಣಲ್ಲಿ ನೀರು ಬಂತು. ನೀರು ಬಂದಾಗ ಸುಮ್ಮನೆ ಕೂತು ಅತ್ತಿದ್ದರೆ ಆಗುತ್ತಿತ್ತು. ನಾನು ಗಿಟಾರ್ ಇಳಿಸಿ, ಧೂಳು ಝಾಡಿಸಿ, ಒಂದು ಕಣ್ಣು ಮುಚ್ಚಿ ಅದರ ಉದ್ದನೆಯ ಕುತ್ತಿಗೆಯನ್ನು ನೋಡಿದೆ. ಸ್ವಲ್ಪ ಬಾಗಿತ್ತು. ಹನ್ನೊಂದು ವರ್ಷ ಕಪಾಟಿನ ಮೇಲೆ ಇಟ್ಟು ಡೊಂಕು ಮಾಡಿದೆನಲ್ಲಾ ಎಂದು ನನ್ನನ್ನೇ ಬೈದುಕೊಂಡೆ.

ಶನಿವಾರ ಬೆಳಿಗ್ಗೆ ಅದನ್ನು ಹೆಗಲಿಗೆ ಹಾಕಿಕೊಂಡು ವರ್ಕ್‌ಶಾಪಿಗೇ ಒಯ್ದೆ. ಗೇಟಿನ ವಾಚ್‌ಮನ್ “ಏನ್ ಕಾಕಾ, ಫಿರಂಗಿ ತಂದ್ರಿ?” ಎಂದು ಮರಾಠಿಯಲ್ಲಿ ಚೇಷ್ಟೆ ಮಾಡಿದ. ಊಟದ ಬಿಡುವಿನಲ್ಲಿ ತಂತಿಗಳ ನಡುವೆ ಕುತ್ತಿಗೆಯ ಮೇಲೆ ಉಕ್ಕಿನ ಪಟ್ಟಿ ಇಟ್ಟು ಬೆಳಕಿಗೆ ಹಿಡಿದೆ. ನಮ್ಮ ಕಸುಬಿನಲ್ಲಿ ಪಟ್ಟಿಯ ಕೆಳಗೆ ಬೆಳಕು ಕಾಣಬಾರದು. ಕಂಡರೆ ಆ ಮಾಲು ವಾಪಸ್. ಇಲ್ಲಿ ಕಂಡಿತು. ಕುತ್ತಿಗೆಯ ತುದಿಯಲ್ಲಿ ಒಂದು ಸಣ್ಣ ನಟ್ಟು ಇತ್ತು. ಕುತ್ತಿಗೆಯ ಒಳಗಿನ ಸಲಾಕೆಯನ್ನು ಎಳೆಯುವ ನಟ್ಟು ಅದು. ಅಷ್ಟು ನೋಡಿ ತಿಳಿಯಲು ನನಗೆ ಶಾಲೆ ಬೇಕಾಗಿರಲಿಲ್ಲ. ಶಾಲೆ ಬೇಕಾಗಿದ್ದದ್ದು ಅದನ್ನು ಮುಟ್ಟದೇ ಬಿಡಲು. ಚಾವಿ ಹಾಕಿ ತಿರುಗಿಸಿದೆ. ಬೆಳಕು ತೆಳ್ಳಗಾಯಿತು. ಮತ್ತೆ ತಿರುಗಿಸಿದೆ. ಕಟ್ಟಿಗೆ ಕಿರ್ ಎಂದಿತು. ಇನ್ನೊಮ್ಮೆ ತಿರುಗಿಸಿದೆ. ಬೆಳಕು ಪೂರ್ತಿ ಮುಚ್ಚಿತು. ಪಕ್ಕದ ಮಶೀನಿನವನನ್ನು ಕರೆದು ತೋರಿಸಿ ಶಾಭಾಸ್ ಎನಿಸಿಕೊಂಡೆ.

ಮನೆಗೆ ಬಂದು ಒಂದು ತಂತಿ ಮೀಟಿದೆ. ಗುಂ ಎನ್ನಬೇಕಾದದ್ದು ಖಾಲಿ ಡಬ್ಬಿಯಲ್ಲಿ ಜಿರಲೆ ಸಿಕ್ಕಿಕೊಂಡಂತೆ ಜರ್ರ್ ಎಂದಿತು. ನಾಲ್ಕು ತಂತಿಯೂ ಹಾಗೇ. ಗಾಬರಿಯಾಗಿ ನಟ್ಟನ್ನು ಹಿಂದಕ್ಕೆ ತಿರುಗಿಸಲು ಹೋದರೆ, ಹಳೆಯ ನಟ್ಟು, ಮೂಲೆಗಳೆಲ್ಲ ಸವೆದು ಚಾವಿ ಸುಮ್ಮನೆ ಗಿರಕಿ ಹೊಡೆಯಿತು. ಹೆಂಡತಿ ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. “ಏನ ಮಾಡಿದ್ರಿ?” ಎಂದಳು. “ಏನಿಲ್ಲ” ಎಂದು ಚೀಲದ ಜಿಪ್ ಎಳೆದೆ.

ಅವತ್ತು ರಾತ್ರಿಯ ಬಸ್ಸಿಗೆ ಬಂದ ಶೇಖರ ಮರುದಿನ ಬೆಳಿಗ್ಗೆ ಜಳಕ ಮಾಡಿ, ದೇವರಿಗೆ ಕೈ ಮುಗಿದು, ಗಿಟಾರನ್ನು ತೊಡೆಯ ಮೇಲೆ ಇಟ್ಟುಕೊಂಡ. ಸವೆದ ಜಾಗದಲ್ಲಿ ತೋಳು ಊರಿದ. ಶ್ರುತಿ ಮಾಡಿದ. ಬಾರಿಸಿದ. ಜರ್ರ್. ಬೆರಳು ಸರಿಮಾಡಿಕೊಂಡು ಮತ್ತೆ ಒತ್ತಿದ. ಜರ್ರ್. ಅರ್ಧ ತಾಸು ಕಳೆದಿರಬೇಕು, ಅವನ ಬೆರಳ ತುದಿಗಳು ಕೆಂಪಾಗಿದ್ದವು.

“ಅಣ್ಣಾ, ಇದನ್ನ ಯಾರರ ಬಿಚ್ಚಿದ್ರೇನು?”

“ಯಾರ ಬಿಚ್ಚತಾರೋ? ಇಟ್ಟಲ್ಲೇ ಇತ್ತು.”

ಅಡಿಗೆಮನೆಯಲ್ಲಿ ಲಟ್ಟಣಿಗೆಯ ಸದ್ದು ನಿಂತಿತು. ಶೇಖರ ತನ್ನ ಎಡಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. “ಹಂಗಾರ ನನ್ನ ಕೈನ ಹೋಗ್ಯಾವ” ಎಂದ. ಅಷ್ಟಕ್ಕೇ ನಾನು ಬಾಯಿ ಮುಚ್ಚಿಕೊಂಡಿದ್ದರೂ ಈಗ ಇಷ್ಟು ಉರಿಯುತ್ತಿರಲಿಲ್ಲ. ಹಿರಿಯಣ್ಣನಲ್ಲವೇ, ಸಮಾಧಾನ ಹೇಳಬೇಕಲ್ಲ: “ವಯಸ್ಸಾತಲ್ಲೋ, ಬಿಡು” ಎಂದೆ. ಅವನು ದಿಲೀಪಭಾವುಗೆ ಫೋನು ಮಾಡಿ “ನನ್ನಿಂದ ಆಗೋದಿಲ್ಲ, ಬೇರೆಯವರನ್ನು ನೋಡಿ” ಎಂದು ಮರಾಠಿಯಲ್ಲಿ ಹೇಳಿದ. ಮೇಲಿಡಲು ಕೈ ಬರುವುದಿಲ್ಲ ಎನ್ನುತ್ತಿದ್ದವನು ತಾನೇ ಕುರ್ಚಿ ಹತ್ತಿ ಅದನ್ನು ಮೇಲಿಟ್ಟ. ಹೋಗುವಾಗ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿ “ಇಷ್ಟ ವರ್ಷ ಜ್ವಾಕೀಲೆ ಇಟ್ಟೀರಿ ಅಣ್ಣಾ” ಎಂದ.

ಮುಂದಿನ ವಾರ ನಾನು ಅದನ್ನು ಕದ್ದು ಇಳಿಸಿಕೊಂಡು ವಾದ್ಯ ರಿಪೇರಿ ಮಾಡುವ ಮುದುಕ ಮೇಸ್ತ್ರಿಯೊಬ್ಬನ ಬಳಿ ಹೋದೆ. ಅವನು ಕುತ್ತಿಗೆ ನೋಡಿ, ನನ್ನನ್ನು ನೋಡಿ “ಟರ್ನರ್ ಕೆಲಸವೋ, ಲೇಥಿನ ಮೇಲೆ?” ಎಂದು ಹಿಂದಿಯಲ್ಲಿ ಕೇಳಿದ. ಹೇಗೆ ತಿಳಿಯಿತೆಂದೆ. “ಬಾರಿಸುವವನಾದರೆ ನಟ್ಟನ್ನು ಕಾಲು ಸುತ್ತು ತಿರುಗಿಸಿ ನಿಲ್ಲಿಸುತ್ತಾನೆ. ಬೆಳಕು ಮುಚ್ಚುವ ತನಕ ತಿರುಗಿಸುವವರು ನೀವೇ.” ಆ ಬಾಗು ಬೇಕೆಂದೇ ಬಿಟ್ಟದ್ದಂತೆ. ತಂತಿ ತೂಗಾಡಲು ಅಷ್ಟು ಜಾಗ ಬೇಕಂತೆ. ಹದಿನೈದು ದಿನ ಇಟ್ಟುಕೊಂಡು ಸರಿಮಾಡಿ ಕೊಟ್ಟ. ಅಂಗಡಿಯಲ್ಲಿ ಅವನೇ ಸ್ಪೀಕರಿಗೆ ಜೋಡಿಸಿ ಒಮ್ಮೆ ಬಾರಿಸಿದ. ನನ್ನ ಪಾದದ ಕೆಳಗಿನ ನೆಲ ನಡುಗಿತು. ತಮ್ಮ ಬಾರಿಸುತ್ತಿದ್ದದ್ದು ಯಾವ ಸದ್ದೆಂದು ನನಗೆ ತಿಳಿದದ್ದು ಅವತ್ತು.

ಆ ಸಂತೋಷದಲ್ಲೇ ಎಲ್ಲ ಹೇಳಿಬಿಡಬೇಕೆಂದು, ಗಿಟಾರನ್ನು ಮನೆಯಲ್ಲಿಟ್ಟು, ಔರಂಗಾಬಾದಿನ ಬಸ್ಸು ಹತ್ತಿದೆ. ಬಾಗಿಲು ತೆರೆದದ್ದು ಅವನ ಮಗಳು. “ದೊಡ್ಡಪ್ಪಾ, ಪಪ್ಪಾಂದು ಬೆರಳು ಖರಾಬ್ ಆಗ್ಯಾವ” ಎಂದಳು. ಒಳಗೆ ಶೇಖರ ಬಿಸಿ ಉಪ್ಪುನೀರಿನ ಬೋಗುಣಿಯಲ್ಲಿ ಎಡಗೈ ಅದ್ದಿಕೊಂಡು ಕೂತಿದ್ದ. ಡಾಕ್ಟರಿಗೆ ತೋರಿಸಿದನಂತೆ. ಡಾಕ್ಟರಿಗೆ ಏನೂ ಸಿಗಲಿಲ್ಲವಂತೆ, ಸುಮ್ಮನೆ ಕಳಿಸಬಾರದೆಂದು ಉಪ್ಪುನೀರು ಹೇಳಿದನಂತೆ. “ನೋಡೂಣು ಅಣ್ಣಾ, ಮುಂದಿನ ವರ್ಷದ ಹೊತ್ತಿಗೆ ಕೈ ಮತ್ತ ಹಾದಿಗೆ ಬರಬಹುದು” ಎಂದು ನಕ್ಕ. ನೀರು ಆರಿದೆಯೇ ಎಂದು ನಾನು ಬೆರಳಿಟ್ಟು ನೋಡಿದೆ. ಆರಿತ್ತು. ಒಳಗೆ ಹೋಗಿ ಇನ್ನೊಂದು ಚೊಂಬು ಬಿಸಿನೀರು ತಂದು ಸುರಿದೆ. ಅಷ್ಟೇ ನಾನು ಮಾಡಿದ್ದು. ಚಹಾ ಕುಡಿದು ಸಂಜೆಯ ಬಸ್ಸಿಗೆ ವಾಪಸು ಬಂದೆ. ಗಿಟಾರು ಈಗ ಕಪಾಟಿನ ಮೇಲೆ ಹದವಾಗಿ ಕೂತಿದೆ. ಅವನು ಒಮ್ಮೆ ಇಳಿಸಿ ಮೀಟಿದರೆ ಸಾಕು, ಕೆಟ್ಟದ್ದು ತನ್ನ ಕೈಯಲ್ಲ ಎಂದು ತಿಳಿಯುತ್ತದೆ. ಇಳಿಸದಿರಲಿ ಎಂದು ದೇವರಲ್ಲಿ ಬೇಡಿಕೊಳ್ಳುವ ಅಣ್ಣ ಇನ್ನೆಲ್ಲಾದರೂ ಇದ್ದಾನೋ, ನನಗೆ ಗೊತ್ತಿಲ್ಲ.

ಬಾಯಿಂದ ಬಾರದ್ದನ್ನು ಬರೆದಾದರೂ ಒಪ್ಪಿಕೊಳ್ಳೋಣವೆಂದು ಇದನ್ನು ಬರೆದೆ. ಓದಿದ ನೀವು ನನ್ನ ಧೈರ್ಯವನ್ನು ಮೆಚ್ಚಬಹುದು. ಮೆಚ್ಚಬೇಡಿ. ಶೇಖರ ಕಲಿತದ್ದು ನಾಸಿಕದ ಮರಾಠಿ ಶಾಲೆಯಲ್ಲಿ. ಕನ್ನಡ ಮಾತಾಡುತ್ತಾನೆ, ಓದಲು ಒಂದಕ್ಷರವೂ ಬರುವುದಿಲ್ಲ. ನನಗೆ ಮರಾಠಿ ಬರೆಯಲು ಚೆನ್ನಾಗಿಯೇ ಬರುತ್ತದೆ. ಇಪ್ಪತ್ತೈದು ವರ್ಷದ ರಜೆ ಅರ್ಜಿಗಳನ್ನೆಲ್ಲ ಅದರಲ್ಲೇ ಬರೆದಿದ್ದೇನೆ.