ಚಿಕ್ಕಮ್ಮ ನೋಡಿದ ಯುದ್ಧಕಾಲದ ಕಾರ್ಖಾನೆ

ಟೀವಿಯ ಮುಂದೆ ಕೂತಾಗ ಮನುಷ್ಯನ ನಿಜವಾದ ಗುಣ ಹೊರಗೆ ಬರುತ್ತದೆ ಎಂದು ನಾನು ನಂಬಿದ್ದೇನೆ. ಕೆಲವರು ನಿದ್ದೆ ಮಾಡುತ್ತಾರೆ, ಕೆಲವರು ಅಳುತ್ತಾರೆ, ಕೆಲವರು ರಿಮೋಟನ್ನು ತೊಡೆಯ ಕೆಳಗೆ ಇಟ್ಟುಕೊಂಡು ಏನೂ ಗೊತ್ತಿಲ್ಲದವರ ಹಾಗೆ ಕೂರುತ್ತಾರೆ. ನಾನು ವಿವರಿಸುತ್ತೇನೆ. ಪರದೆಯ ಮೇಲೆ ರೈಲು ಬಂದರೆ ಅದು ಯಾವ ಕಾಲದ ಎಂಜಿನ್ನು, ಮಳೆ ಬಂದರೆ ಅದನ್ನು ಪೈಪಿನಲ್ಲಿ ಹೇಗೆ ಸುರಿಸುತ್ತಾರೆ, ವಕೀಲರು ಬಂದರೆ ಕಾನೂನು ನಿಜವಾಗಿ ಏನು ಹೇಳುತ್ತದೆ, ಹೀಗೆ ಯಾರೂ ಕೇಳದ ಪ್ರಶ್ನೆಗಳಿಗೆಲ್ಲ ನನ್ನಲ್ಲಿ ಉತ್ತರವಿರುತ್ತದೆ. ಇದೇ ಕಾರಣಕ್ಕೆ ಮಗಳು ಲ್ಯಾಪ್‌ಟಾಪ್ ಎತ್ತಿಕೊಂಡು ತನ್ನ ಕೋಣೆ ಸೇರಿ ಎರಡು ವರ್ಷವಾಯಿತು. ಹೆಂಡತಿ ಸುಮಾ ಮಾತ್ರ ಸೋಫಾದ ಇನ್ನೊಂದು ತುದಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತ ನಿಮಿಷಕ್ಕೊಂದು ಸಲ "ಹ್ಞೂಂ" ಎನ್ನುತ್ತಾಳೆ. ಆ ಹ್ಞೂಂ ನನಗೋ ಅವರೆಕಾಯಿಗೋ ಎಂದು ನಾನು ಯಾವತ್ತೂ ವಿಚಾರಿಸಲು ಹೋಗಿಲ್ಲ.

ಹೀಗಿರುವಾಗ ಸುಮಾಳ ಚಿಕ್ಕಮ್ಮ ಪುಟ್ಟಲಕ್ಷ್ಮಮ್ಮನವರು ಬ್ರೂಕ್‌ಫೀಲ್ಡಿನ ನಮ್ಮ ಫ್ಲ್ಯಾಟಿಗೆ ಬಂದರು. ಮಂಡಿ ಆಪರೇಷನ್ ಆಗಿತ್ತು. ದಾಸರಹಳ್ಳಿಯ ಅವರ ಮನೆ ಮಹಡಿಯ ಮೇಲಿದೆ, ಮಗಳಿರುವುದು ಹುಬ್ಬಳ್ಳಿಯಲ್ಲಿ. ನಮ್ಮಲ್ಲಿ ಲಿಫ್ಟ್ ಇದೆ, ವ್ಯಾಯಾಮ ಮಾಡಿಸುವವರು ದಿನಾ ಮನೆಗೇ ಬರುತ್ತಾರೆ, ಆರು ವಾರ ಇಲ್ಲೇ ಇರಲಿ ಎಂದು ಸುಮಾ ಕರೆತಂದಳು. ನಾನೂ ಅವರನ್ನು ಚಿಕ್ಕಮ್ಮ ಎಂದೇ ಕರೆಯುತ್ತೇನೆ, ಅವರು ನನ್ನನ್ನು ಅಳಿಯಂದ್ರೇ ಎನ್ನುತ್ತಾರೆ. ಇಪ್ಪತ್ತು ವರ್ಷದ ಪರಿಚಯ. ಆದರೆ ಅವರ ಬಗ್ಗೆ ನನಗೆ ಗೊತ್ತಿದ್ದದ್ದು ಇಷ್ಟೇ: ಪೀಣ್ಯದ ಕಡೆ ಯಾವುದೋ ಫ್ಯಾಕ್ಟರಿಯಲ್ಲಿದ್ದು ನಿವೃತ್ತರಾದವರು, ಹಬ್ಬಕ್ಕೆ ಬರುವಾಗ ಸ್ಟೀಲ್ ಡಬ್ಬಿಯಲ್ಲಿ ನಿಪ್ಪಟ್ಟು ತರುವವರು, ಹೆಚ್ಚು ಮಾತಾಡದವರು. ಈ ಕೊನೆಯ ಗುಣವೇ ನನಗೆ ಬಹಳ ಹಿಡಿಸಿತ್ತು. ವಿವರಿಸುವವನಿಗೆ ಇದಕ್ಕಿಂತ ಒಳ್ಳೆಯ ಶ್ರೋತೃ ಎಲ್ಲಿ ಸಿಗುತ್ತಾರೆ.

ಆ ವಾರವೇ ನಾನು ಹೊಸ ಧಾರಾವಾಹಿಯೊಂದನ್ನು ಹಿಡಿದಿದ್ದೆ. ಯಾವುದೋ ದೂರದೇಶದ್ದು, ಕನ್ನಡಕ್ಕೆ ಡಬ್ ಆದದ್ದು, ಎಂಟು ಕಂತು. ಮಹಾಯುದ್ಧದ ಕಾಲದಲ್ಲಿ ಫಿರಂಗಿಯ ಗುಂಡು ತಯಾರಿಸುವ ಕಾರ್ಖಾನೆಗೆ ಕೆಲಸಕ್ಕೆ ಸೇರುವ ಹೆಂಗಸರ ಕಥೆ. ಬ್ರೆಡ್ಡಿನ ಅಂಗಡಿಯವನ ಮಗಳು ಎಲ್ಸಿ ಎಂಬಾಕೆ ನಾಯಕಿ. ಮೊದಲ ಕಂತು ಶುರುವಾಗುತ್ತಿದ್ದಂತೆ ನಾನೂ ಶುರು ಮಾಡಿದೆ. "ನೋಡಿ ಚಿಕ್ಕಮ್ಮ, ಆಗ ಅಲ್ಲಿ ಏನಾಯ್ತು ಅಂದ್ರೆ, ಗಂಡಸರೆಲ್ಲ ಯುದ್ಧಕ್ಕೆ ಹೋಗ್ಬಿಟ್ರು. ಅದಕ್ಕೆ ಹೆಂಗಸರು ಮೊದಲನೇ ಸಲ ಫ್ಯಾಕ್ಟರಿಗೆ ಬರಬೇಕಾಯ್ತು."

ಚಿಕ್ಕಮ್ಮ ಪರದೆಯಿಂದ ಕಣ್ಣು ತೆಗೆಯದೆ, "ನಮ್ಮನೆಯೋರು ಯುದ್ಧ ಇಲ್ದೇನೇ ಹೋದ್ರು" ಎಂದರು.

ಸುಮಾ ಕೆಮ್ಮಿದಳು. ಮಗುವಿಗೆ ಎರಡು ವರ್ಷವಾಗಿದ್ದಾಗ ಚಿಕ್ಕಮ್ಮನ ಗಂಡ ತುಮಕೂರಿನ ಕಡೆ ಬೇರೆ ಸಂಸಾರ ಹೂಡಿದ ವಿಷಯ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಚಿಕ್ಕಮ್ಮನೇ ಎತ್ತಿದ್ದರಿಂದ ನಾವಿಬ್ಬರೂ ಎಲ್ಸಿಯನ್ನು ಗಮನವಿಟ್ಟು ನೋಡಿದೆವು. ಎಲ್ಸಿ ಆ ಹೊತ್ತಿಗೆ ಡ್ರಿಲ್ಲಿಂಗ್ ಮೆಷಿನ್ನಿನ ಮುಂದೆ ನಿಂತಿದ್ದಳು. ಮೇಲ್ವಿಚಾರಕ ಬಂದು ಡಬ್ಬಿಂಗಿನ ಶುದ್ಧ ಕನ್ನಡದಲ್ಲಿ "ಹೆಂಗಳೆಯರೇ, ತ್ವರೆ ಮಾಡಿರಿ" ಎಂದ.

"ಯಾವ ಸೂಪರ್‌ವೈಸರ್ರು ಇಷ್ಟು ಮರ್ಯಾದೆಯಾಗಿ ಮಾತಾಡ್ತಾನೆ?" ಎಂದರು ಚಿಕ್ಕಮ್ಮ. ಆಮೇಲೆ, "ಅಷ್ಟೊಂದು ಕೊರೀತಾವ್ಳೆ, ನೆಲದ ಮೇಲೆ ಒಂದು ಕಬ್ಬಿಣದ ಸಿಪ್ಪೆ ಇಲ್ಲ. ಏಪ್ರನ್ ನೋಡಿ, ಇಸ್ತ್ರಿ ಮಾಡಿದಂಗದೆ. ತಣ್ಣಗಿರಕ್ಕೆ ಎಣ್ಣೆನೀರು ಬಿಡದೆ ಕೊರೆದ್ರೆ ಡ್ರಿಲ್ಲು ಕಪ್ಪಗಾಗಿ ಕೂತ್ಕೊಂಡ್‌ಬಿಡ್ತದೆ" ಎಂದರು.

ಇದನ್ನು ನಾನು ಹಾಗೇ ಒಪ್ಪಿಕೊಳ್ಳುವ ಪೈಕಿಯವನಲ್ಲ. ಆ ಕಾಲದಲ್ಲಿ ಬೇರೆ ಪದ್ಧತಿ ಇದ್ದಿರಬಹುದು ಎಂದು ಹೇಳಿ, ಫೋನಿನಲ್ಲಿ ಹುಡುಕಿದೆ. ಚಿಕ್ಕಮ್ಮ ಹೇಳಿದ್ದೇ ಸರಿಯಾಗಿತ್ತು. ಫೋನನ್ನು ಮಗುಚಿ ಇಟ್ಟೆ. ಎಂದೋ ಕೇಳಬೇಕಾಗಿದ್ದ ಪ್ರಶ್ನೆಯನ್ನು ನಾನು ಕೇಳಿದ್ದು ಆಗಲೇ. "ಚಿಕ್ಕಮ್ಮ, ನೀವು ಫ್ಯಾಕ್ಟರಿಯಲ್ಲಿ ಏನು ಕೆಲಸ ಮಾಡ್ತಿದ್ರಿ?"

"ಇದೇ" ಎಂದು ಎಲ್ಸಿಯ ಕಡೆ ಗದ್ದ ಎತ್ತಿ ತೋರಿಸಿದರು. "ಮೂವತ್ತೊಂದು ವರ್ಷ. ಪಂಪಿನ ಪಾರ್ಟು. ಅವಳು ನಿಂತಿರೋದು ತಪ್ಪು, ಸಾಯಂಕಾಲಕ್ಕೆ ಸೊಂಟ ಬಿದ್ದೋಯ್ತದೆ."

ಮರುದಿನದಿಂದ ನಮ್ಮ ಮನೆಯಲ್ಲಿ ವಿವರಣೆಯ ಇಲಾಖೆ ಕೈ ಬದಲಾಯಿತು. ನನಗಾದ ಹೊಟ್ಟೆಯುರಿಯನ್ನು ಮುಚ್ಚಿಡುವುದಿಲ್ಲ. ನಾನು ಯುದ್ಧದ ಕಾರಣಗಳನ್ನು ಹೇಳಲು ಬಾಯಿ ತೆರೆದರೆ ಸುಮಾ, "ಇರಿ, ಚಿಕ್ಕಮ್ಮ ಏನೋ ಹೇಳ್ತಿದಾರೆ" ಎನ್ನುತ್ತಿದ್ದಳು. ಅವರೆಕಾಯಿ ಸುಲಿಯುವುದು ನಿಂತಿತ್ತು. ಎರಡು ವರ್ಷದಿಂದ ಹೊರಗೆ ಬಾರದ ಮಗಳು ಬಂದು ಚಿಕ್ಕಜ್ಜಿಯ ಪಕ್ಕ ಕೂತಳು. ಹೆಬ್ಬೆರಳ ತುದಿಯಿಂದ ಸವರಿದರೆ ತೂತು ನೇರ ಬಿದ್ದಿದೆಯೋ ಇಲ್ಲವೋ ಹೇಗೆ ಗೊತ್ತಾಗುತ್ತದೆ, ಶಬ್ದ ಬದಲಾದದ್ದು ಕೇಳಿಯೇ ಡ್ರಿಲ್ಲು ಮೊಂಡಾಗಿದೆ ಎಂದು ಹೇಗೆ ಹೇಳಬಹುದು ಎಂಬುದನ್ನೆಲ್ಲ ಅವರು ಸೊಪ್ಪು ಸೋಸುವುದನ್ನು ಹೇಳಿಕೊಡುವವರ ಹಾಗೆ ಹೇಳುತ್ತಿದ್ದರು. ಎಲ್ಸಿ ಮತ್ತು ಅವಳ ಗೆಳತಿಯರು ಊಟದ ಡಬ್ಬಿ ಹಂಚಿಕೊಂಡು ತಿನ್ನುವ ದೃಶ್ಯ ಬಂದಾಗ ಮಾತ್ರ ಯಾವ ತಪ್ಪೂ ಹುಡುಕಲಿಲ್ಲ. "ಇದು ನಮ್ದೇ" ಎಂದರು. ಆಮೇಲೆ ಫೋನು ಕೇಳಿ ತೆಗೆದುಕೊಂಡು, ತಮ್ಮ ಜೊತೆ ಕೆಲಸ ಮಾಡಿದ್ದ ಶಕುಂತಲಾ ಮತ್ತು ನೂರ್‌ಜಹಾನ್ ಎಂಬಿಬ್ಬರಿಗೆ ಭಾನುವಾರ ಬರಲು ಹೇಳಿದರು.

ಭಾನುವಾರ ಇಬ್ಬರೂ ಪೀಣ್ಯದಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಬದಲಿಸಿ, ಕುಂದಲಹಳ್ಳಿಯಲ್ಲಿ ಇಳಿದು ಬಂದರು. ಶಕುಂತಲಾ ದಪ್ಪಗೆ, ನಗುನಗುತ್ತ, ಬಾಗಿಲಲ್ಲೇ ಮಾತು ಶುರು ಮಾಡಿದವರು. ನೂರ್‌ಜಹಾನ್ ಸಣ್ಣ ದೇಹದ, ಮೆಲುದನಿಯ ಹೆಂಗಸು. ಕಾಫಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಲೋಟಗಳನ್ನು ಹಿಡಿದು ಬರುವ ಹೊತ್ತಿಗೆ ಸೋಫಾದಲ್ಲಿ ಜಾಗ ಇರಲಿಲ್ಲ, ಊಟದ ಮೇಜಿನ ಕುರ್ಚಿ ಎಳೆದುಕೊಂಡು ಹಿಂದೆ ಕೂತೆ.

ಅವತ್ತಿನದು ಐದನೆಯ ಕಂತು. ಹೊಸದಾಗಿ ಸೇರಿದ ಹುಡುಗಿಯೊಬ್ಬಳ ಕೂದಲು ತಿರುಗುವ ಯಂತ್ರಕ್ಕೆ ಸಿಕ್ಕಿಕೊಳ್ಳುತ್ತದೆ. ಅವಳು ಕಿರುಚಿದ್ದಷ್ಟೇ, ನೂರ್‌ಜಹಾನ್ "ನಿಲ್ಸಮ್ಮ ಅದನ್ನ" ಎಂದರು. ಮಗಳು ರಿಮೋಟ್ ಒತ್ತಿದಳು. ಅಷ್ಟು ಹೊತ್ತು ನಗುತ್ತಿದ್ದ ಶಕುಂತಲಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು.

"ಏನಾಯ್ತು?" ಎಂದಳು ಸುಮಾ.

"ನಮ್ಮ ಮಂಜುಳಾಗೂ ಇಂಗೇ ಆಗಿತ್ತು" ಎಂದರು ಶಕುಂತಲಾ. "ನಿಮ್ ಚಿಕ್ಕಮ್ಮ ಹೇಳಿಲ್ವಾ?"

ಚಿಕ್ಕಮ್ಮ, "ಹಳೇದು ಬಿಡೇ" ಎಂದರು. ಶಕುಂತಲಾ ಬಿಡಲಿಲ್ಲ.

ಮಂಜುಳಾ ಸೇರಿ ಇನ್ನೂ ಎರಡು ತಿಂಗಳಾಗಿತ್ತಂತೆ. ತಿರುಗುವ ಭಾಗಕ್ಕೆ ಕೈ, ಕೂದಲು ತಾಗದಂತೆ ಒಂದು ಜಾಲರಿ ಇರಬೇಕು. ಜಾಲರಿ ಇದ್ದರೆ ಕೆಲಸ ನಿಧಾನವಾಗುತ್ತದೆ ಎಂದು ಎಲ್ಲ ಮೆಷಿನ್ನುಗಳಿಂದಲೂ ತೆಗೆಸಿದ್ದರು. ಮಂಜುಳಾ ಬಗ್ಗಿದಾಗ ಜಡೆ ಸುತ್ತಿಕೊಂಡಿತು. ಎಲ್ಲರೂ ಕೂಗುತ್ತ ನಿಂತರೆ ಪುಟ್ಟಲಕ್ಷ್ಮಮ್ಮ ಓಡಿಹೋಗಿ ಗೋಡೆಯ ಮೇಲಿನ ಮುಖ್ಯ ಸ್ವಿಚ್ಚನ್ನು ಎಳೆದರು, ಕತ್ತರಿ ತಂದು ಜಡೆ ಕತ್ತರಿಸಿದರು. ನೆತ್ತಿಯ ಚರ್ಮ ಒಂದಿಷ್ಟು ಕಿತ್ತು ಬಂದರೂ ಹುಡುಗಿ ಉಳಿದಳು.

"ಅದಲ್ಲ ದೊಡ್ಡದು" ಎಂದರು ನೂರ್‌ಜಹಾನ್ ನಿಧಾನವಾಗಿ. "ಮಾರನೇ ದಿನ ಮ್ಯಾನೇಜರ್ರು ಬಂದು, ಎಲ್ಲಾ ಸ್ಟಾರ್ಟ್ ಮಾಡಿ ಅಂದ್ರು. ನಾವೆಲ್ಲ ಮಾಡಿದ್ವಿ. ಲಕ್ಷ್ಮಕ್ಕ ಮಾಡ್ಲಿಲ್ಲ. ಸ್ಟೂಲ್ ಹಾಕ್ಕೊಂಡು ಮೆಷಿನ್ ಮುಂದೆ ಕೂತ್‌ಬಿಟ್ರು."

"ಕೆಲ್ಸ ಮಾಡಲ್ಲ ಅಂದಿಲ್ಲ ನಾನು" ಎಂದರು ಚಿಕ್ಕಮ್ಮ, ಆ ಮ್ಯಾನೇಜರು ಇನ್ನೂ ಎದುರಿಗಿದ್ದಾನೇನೋ ಎಂಬಂತೆ. "ಜಾಲರಿ ಹಾಕಿ, ಮಾಡ್ತೀನಿ ಅಂದೆ."

ಮೊದಲ ದಿನ ಒಬ್ಬರೇ ಕೂತರು. ಗೇಟಿನಾಚೆ ಹಾಕುತ್ತೇವೆ ಎಂದು ಮ್ಯಾನೇಜರು ಹೆದರಿಸಿದ, ಆದರೂ ಕೂತರು. ಎರಡನೆಯ ದಿನ ನೂರ್‌ಜಹಾನ್ ತಮ್ಮ ಮೆಷಿನ್ ನಿಲ್ಲಿಸಿದರು, ಮಧ್ಯಾಹ್ನದ ಹೊತ್ತಿಗೆ ಶಕುಂತಲಾ. "ನಂಗೆ ಅರ್ಧ ದಿನ ಲೇಟಾಯ್ತು ಧೈರ್ಯ ಬರಕ್ಕೆ" ಎಂದು ಅವರು ನಕ್ಕರು, ಆದರೆ ಕಣ್ಣು ಒರೆಸಿಕೊಂಡರು. ಮೂರನೆಯ ದಿನ ಇಡೀ ಶೆಡ್ಡಿನಲ್ಲಿ ಒಂದು ಮೆಷಿನ್ನೂ ಓಡಲಿಲ್ಲ. ಸಾಯಂಕಾಲ ಜಾಲರಿಗಳು ಬಂದವು. ಅದಾದ ಮೇಲೆ ಒಂದು ವರ್ಷ ಚಿಕ್ಕಮ್ಮನನ್ನು ಪ್ಯಾಕಿಂಗಿಗೆ ಹಾಕಿ, ದಿನವಿಡೀ ಪೆಟ್ಟಿಗೆಗೆ ಮೊಳೆ ಹೊಡೆಸಿದರಂತೆ. ಮಂಜುಳಾ ಈಗ ದಾಸರಹಳ್ಳಿಯಲ್ಲೇ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ಚಿಕ್ಕಮ್ಮನ ರವಿಕೆಗಳೆಲ್ಲ ಅಲ್ಲಿಯವೇ.

ಸ್ಟೂಲ್ ಹಾಕಿ ಕೂತಾಗ ಚಿಕ್ಕಮ್ಮನ ಮಗಳಿಗೆ ಆರು ವರ್ಷ, ಮನೆಯಲ್ಲಿ ದುಡಿಯುವ ಜೀವ ಅವರದೊಂದೇ. "ಭಯ ಆಗ್ಲಿಲ್ವಾ ಚಿಕ್ಕಜ್ಜಿ?" ಎಂದು ನನ್ನ ಮಗಳು ಕೇಳಿದಳು.

"ಆಗದೇನು. ಕಾಲು ನಡುಗ್ತಿತ್ತು, ಅದಕ್ಕೇ ಸ್ಟೂಲ್ ಹಾಕ್ಕೊಂಡಿದ್ದು" ಎಂದರು ಚಿಕ್ಕಮ್ಮ.

ಸುಮಾ ಎದ್ದು ಅಡುಗೆಮನೆಗೆ ಹೋದಳು, ಅಲ್ಲಿ ಅವಳಿಗೆ ಕೆಲಸವೇನೂ ಇರಲಿಲ್ಲ. ಇಪ್ಪತ್ತು ವರ್ಷ ಈ ಹೆಂಗಸಿನ ನಿಪ್ಪಟ್ಟಿನ ಗರಿಗರಿಯನ್ನು ಹೊಗಳಿ ನಾನು ದೊಡ್ಡ ಗುಣಗ್ರಾಹಿ ಎನಿಸಿಕೊಂಡಿದ್ದೆ. ಇನ್ನೊಂದು ಲೋಟ ಕಾಫಿ ಬೇಕೇ ಎಂದು ಎಲ್ಲರನ್ನೂ ಕೇಳಿದೆ.

ಕಾಫಿ ತಂದಾಗ ಶಕುಂತಲಾ ಸಂಕೋಚ ಕಳೆಯುವುದಕ್ಕೆಂಬಂತೆ, "ನೀವೇನ್ ಕೆಲ್ಸ ಮಾಡೋದು ಸಾರ್?" ಎಂದರು. ವೈಟ್‌ಫೀಲ್ಡಿನ ಕಂಪನಿಯೊಂದರಲ್ಲಿ ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾಡುತ್ತಾರೆ, ಬೇರೆಯವರು ಬರೆದದ್ದರಲ್ಲಿ ತಪ್ಪಿದೆಯೇ ಎಂದು ನೋಡುವ ತಂಡಕ್ಕೆ ನಾನು ಮುಖ್ಯಸ್ಥ, ಎಂದೆ.

"ಓ, ಇನ್‌ಸ್ಪೆಕ್ಷನ್ನು" ಎಂದರು. "ನೀವು ಓಕೆ ಅನ್ನದೆ ಮಾಲು ಆಚೆ ಹೋಗಲ್ಲ."

"ಹೌದು."

"ಎಷ್ಟು ಸಲ ನಿಲ್ಸಿದೀರಿ ಸಾರ್?"

ಅವರು ಕುಚೋದ್ಯಕ್ಕೆ ಕೇಳಿದ್ದಲ್ಲ. ಹತ್ತೊಂಬತ್ತು ವರ್ಷಗಳ ನೌಕರಿಯನ್ನು ಒಂದು ಸುತ್ತು ನೆನೆಸಿಕೊಂಡೆ. ಉತ್ತರ ಸೊನ್ನೆ. ಕಾಫಿಗೆ ಸಕ್ಕರೆ ಸಾಕೇ ಎಂದು ವಿಚಾರಿಸಿದೆ.

ಮುಂದಿನ ಗುರುವಾರ ಆಫೀಸಿನಿಂದ ಒಂದು ಸಾಫ್ಟ್‌ವೇರ್ ಹೊರಡಬೇಕಿತ್ತು. ಒಂದೇ ವಾರ್ಡಿನಲ್ಲಿ ಒಂದೇ ಹೆಸರಿನ ಇಬ್ಬರು ರೋಗಿಗಳಿದ್ದರೆ, ಒಬ್ಬರ ಔಷಧಿ ಇನ್ನೊಬ್ಬರಿಗೆ ಹೋಗದಂತೆ ನರ್ಸಿಗೆ ಎಚ್ಚರಿಕೆ ಕೊಡುವ ಕೆಂಪು ಗುರುತು ಕೆಲವೊಮ್ಮೆ ಕಾಣಿಸುತ್ತಿರಲಿಲ್ಲ. ನನಗಿಂತ ಹದಿನೈದು ವರ್ಷ ಚಿಕ್ಕವನಾದ ನನ್ನ ಮ್ಯಾನೇಜರ್ ನಿಖಿಲ್, "ಸರ್, ಯಾವಾಗ್ಲೋ ಒಂದ್ಸಲ ಆಗೋದು. ಮುಂದಿನ ರಿಲೀಸಲ್ಲಿ ನೋಡ್ಕೊಳೋಣ, ಈಗ ಅಪ್ರೂವ್ ಮಾಡ್ಬಿಡಿ" ಎಂದ. ಇಂಥ ಮಾತಿಗೆ ನಾನು ಪ್ರತಿಸಲವೂ ತಲೆಯಾಡಿಸಿದವನು. ಅವತ್ತು ನನ್ನ ಬಾಯಿಂದ "ಇಲ್ಲ ನಿಖಿಲ್, ಇದನ್ನು ಸರಿ ಮಾಡಿ, ಆಮೇಲೆ ಮಾಡ್ತೀನಿ" ಎಂಬ ಮಾತು ಬಂತು. ಅವನು ನನ್ನನ್ನು ನೋಡಿದ ರೀತಿಯಿಂದ ನನ್ನ ಆರೋಗ್ಯ ವಿಚಾರಿಸುತ್ತಾನೆ ಎಂದುಕೊಂಡೆ. ಮೂರು ಮೀಟಿಂಗ್ ಆದವು. ಬೇರೆ ದೇಶದಲ್ಲಿರುವ ದೊಡ್ಡವರೊಬ್ಬರು ನನ್ನ ಹೆಸರನ್ನು ತಪ್ಪಾಗಿ ಕರೆಯುತ್ತಲೇ ಬೇಸರ ವ್ಯಕ್ತಪಡಿಸಿದರು. ನನಗೆ ನೀರು ಕುಡಿದಷ್ಟೂ ಬಾಯಾರಿಕೆ. ಆದರೂ ಒಪ್ಪಿಗೆ ಕೊಡಲಿಲ್ಲ. ಕೊನೆಗೆ ಇಬ್ಬರು ಎಂಜಿನಿಯರುಗಳು ಕೂತು ಮಾರನೆಯ ದಿನ ಮಧ್ಯಾಹ್ನದೊಳಗೆ ತಪ್ಪನ್ನು ಸರಿಪಡಿಸಿದರು. ನಿಖಿಲ್ ಬಂದು, "ಒಳ್ಳೇದೇ ಆಯ್ತು ಸರ್" ಎಂದು ಹೇಳಿ ಹೋದ.

ಶುಕ್ರವಾರ ಸಂಜೆ ಮನೆಗೆ ಬಂದವನೇ ಶೂ ಬಿಚ್ಚುವುದಕ್ಕೂ ಮುಂಚೆ ಚಿಕ್ಕಮ್ಮನ ಎದುರು ಕೂತು ಎಲ್ಲವನ್ನೂ ಹೇಳಿದೆ. ನಿಖಿಲನ ಮುಖ, ಮೂರು ಮೀಟಿಂಗು, ದೊಡ್ಡವರ ಬೇಸರ, ನನ್ನ ಬಾಯಾರಿಕೆ, ಯಾವುದನ್ನೂ ಬಿಡಲಿಲ್ಲ. ಅಲ್ಲಲ್ಲಿ ಸ್ವಲ್ಪ ಸೇರಿಸಿದ್ದೂ ಉಂಟು. ಚಿಕ್ಕಮ್ಮ ಮಂಡಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಪೂರ್ತಿ ಕೇಳಿದರು. ಮೆಚ್ಚುಗೆಯ ಮಾತಿಗಾಗಿ ನಾನು ಕಾದೆ.

"ಒಳ್ಳೇ ಕೆಲ್ಸ ಮಾಡಿದ್ರಿ ಅಳಿಯಂದ್ರೇ" ಎಂದರು. ಆಮೇಲೆ ನಿಜವಾಗಿಯೂ ಅರ್ಥವಾಗದವರ ಹಾಗೆ ನನ್ನನ್ನು ನೋಡಿ ಕೇಳಿದರು: "ಅಲ್ಲಾ, ನಿಮ್ಮನ್ನ ಅಲ್ಲಿ ಇಟ್ಕೊಂಡಿರೋದೇ ಅದಕ್ಕಲ್ವಾ?"